ಉಂಗುರ ತೆಗೆದ ಮರ

ನಮ್ಮ ಸಸಿತೋಟದಲ್ಲಿ "ಉಂಗುರ ತೆಗೆಯುವುದು" ಅಂದರೆ ಒಂದೇ ಅರ್ಥ. ಟೊಂಗೆಯ ಸುತ್ತ ಎರಡು ಬೆರಳಗಲ ಸಿಪ್ಪೆ ಬಿಡಿಸಿ, ಒಳಗಿನ ಲೋಳೆಯನ್ನು ಚೆನ್ನಾಗಿ ಕೆರೆದು, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಬಿಗಿಯುವುದು. ಆ ಜಾಗದಲ್ಲಿ ಬೇರು ಬಿಟ್ಟ ಮೇಲೆ ಟೊಂಗೆ ಕತ್ತರಿಸಿ ಕುಂಡದಲ್ಲಿಟ್ಟರೆ ಅದೇ ಹೊಸ ಗಿಡ. ಬೇರೆಯವರು ಇದಕ್ಕೆ ಗೂಟಿ ಕಟ್ಟುವುದು ಅನ್ನುತ್ತಾರೆ. ಅಕ್ಕ ಮತ್ತು ನಾನು ಮೊದಲಿನಿಂದಲೂ ಉಂಗುರ ಅಂತಲೇ ಅಂದುಕೊಂಡು ಬಂದವರು.

ಆ ಮಾತು ಭಾವನ ಕಿವಿಗೂ ಬಿದ್ದಿತ್ತು. ಭಾವ, ಅಂದರೆ ಅಕ್ಕನ ಗಂಡ, ಬಸ್ ಡ್ರೈವರ್ ಆಗಿದ್ದವರು. ಒಂದು ಕಣ್ಣು ಮಂಜಾಗಿ, ಆಪರೇಷನ್ ಮಾಡಿದರೂ ಸರಿಹೋಗದೆ, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಅಂತ ಅವರನ್ನು ಮನೆಗೆ ಕಳಿಸಿದ್ದರು. ಆಮೇಲೆ ಮನುಷ್ಯ ಮೆಟ್ಟಿಲ ಮೇಲೆ ಕೂತರೆ ಕೂತರು. ಊಟಕ್ಕೆ ಕರೆದರೆ ಬರುವುದು, ಕರೆಯದಿದ್ದರೆ ಅದೂ ಇಲ್ಲ. ಒಂದು ಕಾಲದಲ್ಲಿ ತುಂಬಿದ ಬಸ್ಸನ್ನೇ ನಗಿಸುತ್ತಿದ್ದ ಬಾಯಿ ಅದು. ಅಕ್ಕ ಒಳಗೊಳಗೇ ಸಣ್ಣಗಾಗುತ್ತಿದ್ದಳು.

ಕೊನೆಗೆ ನಾನೇ ರೇಗಿದೆ. "ಭಾವ, ಹೀಗೆ ಕೂತ್ರೆ ನಿಮ್ಮ ಮೇಲೂ ಪಾಚಿ ಕಟ್ಟುತ್ತೆ. ಎದ್ದು ಬನ್ನಿ" ಅಂದೆ. ನನ್ನ ಬಾಯಿಗೆ ಬ್ರೇಕ್ ಇಲ್ಲ ಅಂತ ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಅವತ್ತು ಏನೂ ಹೇಳದೆ ಎದ್ದು ಬಂದರು. ಕುಂಡಕ್ಕೆ ಮಣ್ಣು ತುಂಬಿದರು, ನೀರು ಹಾಯಿಸಿದರು, ದಾಳಿಂಬೆ ಟೊಂಗೆಗೆ ಉಂಗುರ ತೆಗೆಯುವುದನ್ನೂ ಕಲಿತರು. ಕಣ್ಣು ಮಂಜಾದರೇನು, ಬೆರಳು ಚುರುಕಾಗಿಯೇ ಇತ್ತು. "ಲೋಳೆ ಉಳಿದ್ರೆ ಸಿಪ್ಪೆ ಮತ್ತೆ ಕೂಡಿಕೊಳ್ಳುತ್ತೆ ಭಾವ, ಕೆರೀರಿ" ಅಂತ ಹೇಳಿಕೊಟ್ಟವಳು ನಾನು. ಅವರು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಕೆರೆಯುತ್ತಿದ್ದರು.

ನಮ್ಮ ತೋಟದ ಬೆನ್ನೆಲುಬು ಹಿಂದಿನ ಸಾಲಿನ ಕಿತ್ತಳೆ ತಾಯಿಮರಗಳು. ಅವುಗಳ ಟೊಂಗೆಯ ಕಣ್ಣು, ಅಂದರೆ ಚಿಗುರುಮೊಗ್ಗು, ತೆಗೆದೇ ನಾವು ಸಸಿಗೆ ಕಸಿ ಹಾಕುವುದು. ಒಂದೊಂದು ಮರವೂ ಈ ಹದಕ್ಕೆ ಬರಲು ವರ್ಷಗಟ್ಟಲೆ ಹಿಡಿದಿದೆ. ಮೊದಲನೆಯ ಮರದ ಬುಡಕ್ಕೆ ಹೆಸರಿನ ತಗಡು ನೇತುಹಾಕಿದ ತಂತಿ ಉಂಗುರದ ಹಾಗೆ ಸುತ್ತಿತ್ತು. ಮರ ದಪ್ಪವಾಗುತ್ತಾ ಬಂದಂತೆ ತಂತಿ ಕಚ್ಚತೊಡಗಿತು. ಅಕ್ಕ ಭಾವನಿಗೆ ಕೂಗಿ ಹೇಳಿದಳು, "ರೀ, ಆ ಮೊದಲನೇ ಕಿತ್ತಳೆ ಉಂಗುರ ತೆಗೆದುಬಿಡಿ."

ಅವರು ತೆಗೆದರು. ತಂತಿಯನ್ನೂ ತೆಗೆದರು, ಅದರ ಕೆಳಗೆ ಬುಡದ ಸುತ್ತ ಎರಡು ಬೆರಳಗಲ ಸಿಪ್ಪೆಯನ್ನೂ ತೆಗೆದರು. ಲೋಳೆಯನ್ನೂ ಬಿಡಲಿಲ್ಲ.

ಅದು ನನ್ನ ಕಣ್ಣಿಗೆ ಬಿದ್ದದ್ದು ಎಷ್ಟೋ ವಾರಗಳ ಮೇಲೆ, ಪೈಪು ಸರಿಮಾಡಲು ಅಲ್ಲಿ ಕುಕ್ಕರುಗಾಲಲ್ಲಿ ಕೂತಾಗ. ಒಣಗಿದ ಮರದ ಮೈ ಬಿಳಿಚಿಕೊಂಡು ಸುತ್ತಲೂ ಕಾಣುತ್ತಿತ್ತು. ಮೇಲೆ ನೋಡಿದರೆ ಎಲೆ ಎಲ್ಲ ದಟ್ಟ ಹಸಿರು, ಗೊಂಚಲು ಗೊಂಚಲು ಕಾಯಿ.

ಅಕ್ಕನನ್ನು ಕರೆದು ತೋರಿಸಿದೆ. ಮುಂದೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ನೀರು ಹೋಗುವ ದಾರಿ ಒಳಗಿನ ಮರದಲ್ಲಿದೆ. ಬಿಸಿಲು ಎಲೆಯಿಂದ ನೀರು ಕಸಿದುಕೊಂಡಷ್ಟೂ ಎಲೆ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಆ ದಾರಿಗೆ ಏನೂ ಆಗಿರಲಿಲ್ಲ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವ ದಾರಿ ಮಾತ್ರ ಸಿಪ್ಪೆಯಲ್ಲಿ. ಅದು ಹೋಗಿತ್ತು. ಇಳಿಯಲಾಗದ ಸಕ್ಕರೆಯೆಲ್ಲ ಮೇಲೆಯೇ ನಿಂತು ಕಾಯಿಗೆ ತುಂಬುತ್ತಿತ್ತು. ಕೆಳಗೆ ಬೇರು ಕೂಡಿಟ್ಟದ್ದನ್ನು ತಿಂದುಕೊಂಡು ಉಪವಾಸ ಕೂತಿತ್ತು. ಮಣ್ಣಿನ ಉಪ್ಪುಗಳನ್ನು ಬೇರು ಪುಕ್ಕಟೆ ಎಳೆಯುವುದಿಲ್ಲ, ಸಕ್ಕರೆ ಸುಟ್ಟೇ ಎಳೆಯಬೇಕು. ಆ ಸಕ್ಕರೆ ಮುಗಿದ ದಿನ ಉಪ್ಪು ನಿಲ್ಲುತ್ತದೆ, ಆಮೇಲೆ ನೀರೂ ನಿಲ್ಲುತ್ತದೆ.

ನಾನು ಎಳೆಯ ಕಡ್ಡಿಗಳನ್ನು ತಂದು, ಗಾಯದ ಕೆಳಗಿನ ಸಿಪ್ಪೆಗೊಂದು ತುದಿ, ಮೇಲಿನದಕ್ಕೊಂದು ತುದಿ ಸಿಕ್ಕಿಸಿ ಸೇತುವೆ ಕಸಿ ಹಾಕಿದೆ. ಬುಡದ ಸಿಪ್ಪೆ ಬಲಿತಿತ್ತು, ಎಳೆಯ ಕಡ್ಡಿ ಅದಕ್ಕೆ ಕೂಡಿಕೊಳ್ಳಲಿಲ್ಲ. ಒಂದೊಂದಾಗಿ ಕಡ್ಡಿ ಎಲ್ಲ ಒಣಗಿದವು.

"ಭಾವನಿಗೆ ಹೇಳಲೇಬೇಕು" ಅಂದೆ.

"ಬೇಡ ಕಣೇ" ಅಂದಳು ಅಕ್ಕ. "ಈಗಷ್ಟೇ ಮನುಷ್ಯರ ಹಾಗೆ ಆಗಿದ್ದಾರೆ. ಮತ್ತೆ ಆ ಮೆಟ್ಟಿಲ ಮೇಲೆ ಹೋಗಿ ಕೂತ್ರೆ ನಾನೇನು ಮಾಡ್ಲಿ?"

"ಮರ ಸಾಯುತ್ತಲ್ಲೇ!"

"ಹೇಳಿದ್ರೆ ಉಳಿಯುತ್ತಾ?"

ಅವರು ಅವಳ ಗಂಡ, ನೋವು ಅವಳದು. ಬಾಯಿ ಮುಚ್ಚಿಕೊಂಡೆ. ಅಕ್ಕ ಗಾಯಕ್ಕೆ ಗೋಣಿ ಸುತ್ತಿ, "ಉಂಗುರಕ್ಕೆ ಬಿಸಿಲು ತಾಗಬಾರದು ಕಣ್ರೀ" ಅಂತ ಗಂಡನಿಗೆ ಹೇಳಿದಳು. ಅವರು ದಿನಾ ಅದಕ್ಕೆ ನೀರು ಚಿಮುಕಿಸುತ್ತಿದ್ದರು.

ಹಣ್ಣು ಬಂತು. ಅಂಥ ಹಣ್ಣನ್ನು ಆ ಮರ ಹಿಂದೆಂದೂ ಕೊಟ್ಟಿರಲಿಲ್ಲ. ಒಂದೊಂದೂ ಅಂಗೈ ತುಂಬ, ಬಾಯಿಗಿಟ್ಟರೆ ಕಲ್ಲುಸಕ್ಕರೆ. ಭಾವ ಬಂದ ಗಿರಾಕಿಗಳಿಗೆಲ್ಲ ಸುಲಿದು ಕೊಟ್ಟರು. "ತಿನ್ನಿ ಸ್ವಾಮಿ, ಟಿಕೆಟ್ ಇಲ್ಲ, ಫ್ರೀ ಪಾಸು. ಇದು ನಾನು ಉಂಗುರ ತೆಗೆದ ಮರ" ಅನ್ನುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ನನ್ನ ಕೈಗೂ ಒಂದು ಕೊಟ್ಟರು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಹಣ್ಣು ಮುಗಿದ ಮೇಲೆ ಎಲೆಯ ನರಗಳು ಹಳದಿಗೆ ತಿರುಗಿದವು. "ಪಾಪ, ಹೆತ್ತು ಸುಸ್ತಾಗಿದೆ" ಅಂತ ಭಾವ ಬುಟ್ಟಿಗಟ್ಟಲೆ ಗೊಬ್ಬರ ಸುರಿದರು. ಎಳೆಯುವ ಕಸುವಿಲ್ಲದ ಬೇರಿನ ಮುಂದೆ ಅದು ಸುಮ್ಮನೆ ಬಿದ್ದಿತ್ತು. "ಸಾಕು ಭಾವ" ಅಂದರೆ, "ಬಾಣಂತಿಗೆ ಯಾರಾದ್ರೂ ಸಾಕು ಅಂತಾರಾ ಮರೀ?" ಅಂದರು. ನನಗೆ ಅಳು ಬಂದುಬಿಟ್ಟಿತು. ಧೂಳು ಬಿತ್ತು ಅಂತ ಕಣ್ಣುಜ್ಜಿಕೊಂಡೆ.

ಮತ್ತೆ ಮೊಗ್ಗು ಬಿಡುವ ಕಾಲಕ್ಕೆ ಒಂದು ಶಾಲೆಯವರು ಸಸಿ ಕೇಳಿದರು. ಅಕ್ಕ, ನಾನು ವ್ಯಾನಿನಲ್ಲಿ ಹೋಗಿ ಇಳಿಸಿ ಬಂದೆವು. ಹಿಂತಿರುಗಿದಾಗ ಇನ್ನೂ ಬೆಳಕಿತ್ತು. ಮುಂದಿನ ಗೇಟಿನಲ್ಲಿ ಭಾವ ಇರಲಿಲ್ಲ. ಹಿಂದಿನ ಸಾಲಿನ ಕಡೆಯಿಂದ ಶಿಳ್ಳೆ ಕೇಳಿಸಿತು. ಅವರು ಶಿಳ್ಳೆ ಹಾಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಅಕ್ಕನ ಮುಖ ಅರಳಿತು.

ಸಾಲಿನ ಕೊನೆಯ ಮರದ ಬುಡದಲ್ಲಿ ಮೊಣಕಾಲೂರಿ ಕೂತಿದ್ದರು ಭಾವ. ಕೈಯಲ್ಲಿ ಕಸಿಚಾಕು. ಇತ್ತಕಡೆ ಸಾಲುದ್ದಕ್ಕೂ, ಒಂದೂ ಬಿಡದೆ, ಪ್ರತಿ ಮರದ ಬುಡದಲ್ಲೂ ಹಸಿ ಬಿಳಿ ಪಟ್ಟಿ. ಬಿಡಿಸಿದ ಸಿಪ್ಪೆ ಬಳೆಯ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಪ್ರತಿ ಮರದ ಮುಂದೆಯೂ ಸುತ್ತಲು ಅಂತ ಒಂದು ಗೋಣಿ ಚೂರು, ನೀಟಾಗಿ ಮಡಿಸಿ ಇಟ್ಟಿದ್ದರು.

"ಬನ್ನಿ ಬನ್ನಿ" ಅಂದರು. "ನೀವಿಬ್ರೂ ಉಳಿದ ಮರಗಳನ್ನ ಮರೆತೇಬಿಟ್ಟಿದ್ರಿ. ಒಂದೇ ಮರ ಸಿಹಿ ಕೊಟ್ರೆ ಸಾಕಾ? ಲೋಳೆ ನೋಡು ಮರೀ, ಎಲ್ಲೂ ಉಳಿಸಿಲ್ಲ."

ನಾನು ಮುಟ್ಟಿ ನೋಡಿದೆ. ಉಳಿಸಿರಲಿಲ್ಲ. ಮುಂದಿನದನ್ನೂ, ಅದರ ಮುಂದಿನದನ್ನೂ ಮುಟ್ಟಿದೆ. ಎಲ್ಲಾದರೂ ಒಂದು ಎಳೆ ಸಿಪ್ಪೆ ಕಣ್ತಪ್ಪಿ ಉಳಿದಿರಲಪ್ಪಾ ದೇವರೇ ಅಂತ ಸುತ್ತ ಬೆರಳಾಡಿಸಿದೆ. ಅಕ್ಕ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

"ಯಾಕೆ? ಏನಾಯ್ತು?" ಅಂದರು ಭಾವ.

ನಾನು ಹೇಳಿದೆ. ನಿಂತಲ್ಲೇ, ಎಲ್ಲವನ್ನೂ ಹೇಳಿದೆ. ಅವರು ನಡುವೆ ಒಂದೇ ಒಂದು ಸಲ ತಲೆಯೆತ್ತಿ, "ಇವುಗಳ ಎಲೆ ಹಸಿರಾಗೇ ಇದೆಯಲ್ಲ?" ಅಂದರು.

"ಇರುತ್ತೆ ಭಾವ. ನೀರು ಮೇಲೆ ಹೋಗ್ತಾ ಇರೋವರೆಗೂ ಇರುತ್ತೆ."

ಅವರು ಚಾಕು ಮಡಚಿದರು. ಅಕ್ಕನ ಕಡೆ ತಿರುಗಿದರು. "ಹಣ್ಣು ಬಂದಾಗಲೇ ನಿನಗೆ ಗೊತ್ತಿತ್ತಾ?"

ಅಕ್ಕ ಹೂಂ ಅಂತ ತಲೆಯಾಡಿಸಿದಳು.

"ಮತ್ತೆ ಹೇಳ್ಬಾರದಾಗಿತ್ತಾ ಮಾರಾಯ್ತಿ?"

"ನೀವು ನಗ್ತಾ ಇದ್ರಿ" ಅಂದಳು ಅಕ್ಕ.

ಭಾವ ಅಂಗಿಯ ತೋಳು ಮತ್ತೆ ಮಡಿಸಿ, "ಸರಿ, ಈಗ ಏನ್ ಮಾಡ್ಬೇಕು ಹೇಳಿ, ನಾನು ಮಾಡ್ತೀನಿ" ಅಂದರು.

ಒಂದು ಮರಕ್ಕೇ ಹತ್ತದ ಸೇತುವೆ ಕಸಿಯನ್ನು ನೆನೆದು ನಾನು ಸಾಲನ್ನು ನೋಡಿದೆ. ಅಕ್ಕ ನನ್ನನ್ನು ನೋಡಿದಳು. ಅವರಿಗೆ ಕೊಡಲು ನಮ್ಮಿಬ್ಬರ ಹತ್ತಿರ ಯಾವ ಕೆಲಸವೂ ಇರಲಿಲ್ಲ.