ಓಝಾ ಮೇಷ್ಟ್ರಿಗೆ ಸನ್ಮಾನ

ಮರೆತಿರಬಹುದಲ್ಲ? ಎಂಬತ್ತು ದಾಟಿದ ಮನುಷ್ಯ, ಎದುರಿಗೆ ಅಷ್ಟು ಜನ, ಮುಖಕ್ಕೆ ರಾಚುವ ದೀಪ. ಒಂದು ಮಾತು ಮುಗಿದು ಮುಂದಿನ ಮಾತು ಸಿಗದೆ ಹೋಗಿರಲೂಬಹುದು. ಹಾಲ್‌ನಲ್ಲಿದ್ದವರೆಲ್ಲ ಹಾಗೇ ತಿಳಿದಿರುವಾಗ ತಾನೊಬ್ಬ ಬೇರೆ ಥರ ತಿಳಿಯಬೇಕೇಕೆ? ರೂಟ್ ಒನ್ ಹೆದ್ದಾರಿಯ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿಕೊಂಡು ನವನೀತ್ ಈ ವಾದವನ್ನು ಮತ್ತೆ ಮೊದಲಿಂದ ಕಟ್ಟಿದ. ದೀಪ ಹಸಿರಾಗುವ ಹೊತ್ತಿಗೆ ಅದು ತಾನಾಗಿ ಕುಸಿದಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಹೊರಟಿದ್ದು ಕೆಂಡಲ್ ಪಾರ್ಕಿಗೆ, ಓಝಾ ಅವರ ಮಗಳ ಮನೆಗೆ. ಬೆಳಿಗ್ಗೆ ಮಗಳು ನಿರುಪಮಾಬೆನ್ ಫೋನ್ ಮಾಡಿದ್ದರು. ಅಪ್ಪನ ಶನಿವಾರದ ಕ್ಲಾಸು ನಿಲ್ಲಿಸಬೇಕು, ಡಾಕ್ಟರಿಗೂ ತೋರಿಸಬೇಕು. "ನನ್ನ ಮಾತು ಕೇಳಲ್ಲ. ನೀವು ಅವತ್ತು ಪಕ್ಕದಲ್ಲೇ ಇದ್ರಲ್ಲ, ನೀವು ಹೇಳಿದ್ರೆ ನಂಬ್ತಾರೆ," ಎಂದಿದ್ದರು. ನವನೀತ್ ಬರುತ್ತೇನೆ ಎಂದಿದ್ದ.

ನಟವರಲಾಲ್ ಓಝಾ ಗುಜರಾತಿನ ಭಾವನಗರದ ಕಡೆಯ ಒಂದು ಸಣ್ಣ ಊರಿನಲ್ಲಿ ಶಾಲೆ ನಡೆಸಿದವರು. ಭಾನುವಾರದ ಪತ್ರಿಕೆಗೆ ವರ್ಷಗಟ್ಟಲೆ ಪ್ರಬಂಧ ಬರೆದವರು. ಕುರಿ ಕಾದು ಬಂದು ಕ್ಲಾಸಿನಲ್ಲಿ ತೂಕಡಿಸುವ ಹುಡುಗ, ಮಗಳಿಗೆ ಲೆಕ್ಕ ಯಾಕೆ ಎಂದು ಜಗಳಕ್ಕೆ ಬಂದ ತಾಯಿ, ಸುಣ್ಣದ ಗೋಡೆಯ ಮೇಲೆ ಮಕ್ಕಳು ಬರೆದ ಬೈಗುಳ, ಇಂಥವೇ ಅವರ ವಿಷಯ. ಉಪದೇಶದ ಒಂದು ಸಾಲೂ ಇರುತ್ತಿರಲಿಲ್ಲ. ಅವರ ಶಾಲೆಯಲ್ಲಿ ಬೆತ್ತವಿರಲಿಲ್ಲ. ಇದ್ದ ಕಟ್ಟಳೆ ಒಂದೇ: ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬೇಕು. ಮಗು ಉತ್ತರ ಹೇಳುವ ತನಕ ಕಾಯಬೇಕು. ಸುಳಿವು ಕೊಡಬಾರದು, ಇನ್ನೊಂದು ಮಗುವಿನ ಕಡೆ ತಿರುಗಬಾರದು. ಒಮ್ಮೆ ಇನ್ಸ್‌ಪೆಕ್ಟರು ಬಂದು, ಮೇಷ್ಟ್ರೂ ಮಕ್ಕಳೂ ಸುಮ್ಮನೆ ಕೂತಿದ್ದು ನೋಡಿ, 'ಇಲ್ಲಿ ಪಾಠ ನಡೆಯುತ್ತಿಲ್ಲ' ಎಂದು ಷರಾ ಬರೆದು ಹೋದರಂತೆ. ಓಝಾ ಆ ಷರಾವನ್ನೇ ಶೀರ್ಷಿಕೆ ಮಾಡಿ ಮುಂದಿನ ವಾರ ಪ್ರಬಂಧ ಬರೆದರು.

ಓಝಾ ದೇಶ ಬಿಟ್ಟು ಮಗಳ ಮನೆಗೆ ಬಂದ ಮೇಲೆ ನವನೀತ್ ಮೊದಲು ಅವರನ್ನು ಕಂಡದ್ದು ಇಲ್ಲಿನ ಲೈಬ್ರರಿಯಲ್ಲಿ. ಪಿಸ್ಕಾಟವೇಯಲ್ಲಿ ಓದು ಮುಗಿಸಿ ಅಲ್ಲೇ ಟೆಲಿಕಾಂ ಕಂಪನಿಯೊಂದನ್ನು ಸೇರಿದ್ದ ಅವನಿಗೆ ಮಾತು ನಿಧಾನ. ಚಿಕ್ಕಂದಿನಿಂದ ಅವನು ವಾಕ್ಯ ಮುಗಿಸುವುದರೊಳಗೆ ಬೇರೆ ಯಾರಾದರೂ ಅದನ್ನು ಮುಗಿಸಿಬಿಡುತ್ತಿದ್ದರು. ಓಝಾ ಮುಗಿಸಲಿಲ್ಲ. ಇಂಗ್ಲಿಷಿಗೆ ಬಂದಿದ್ದ ಅವರ ಪ್ರಬಂಧಗಳನ್ನು ಅವನು ಓದಿದ, ಕೆಲವನ್ನು ಕನ್ನಡಕ್ಕೆ ತಂದ. ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಶನಿವಾರ ಅಕ್ಕಪಕ್ಕದ ಮಕ್ಕಳಿಗೆ ಅವರು ಕಥೆ ಕಟ್ಟುವುದನ್ನು ಕಲಿಸುತ್ತಿದ್ದರು. ಅವನೂ ಹಿಂದಿನ ಕುರ್ಚಿಯಲ್ಲಿ ಕೂರತೊಡಗಿದ. ಓಝಾ ಒಂದು ಪ್ರಶ್ನೆ ಕೇಳಿ ಅಂಗೈಯನ್ನು ಮೆಲ್ಲಗೆ ಮೇಲೆತ್ತುವರು. ಕಾಯೋಣ ಎಂದು ಅದರರ್ಥ. ಆ ಕೈಯನ್ನು ನವನೀತ್ ಎಷ್ಟು ಸಲ ನೋಡಿದ್ದನೋ!

ಅವರನ್ನು ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಯಬೇಕೆಂದು ಹಠ ಹಿಡಿದವನೂ ಅವನೇ. ಮಾನ್ಮತ್ ಜಂಕ್ಷನ್‌ನಲ್ಲಿ ಭಾನುವಾರ ಕನ್ನಡ ಸಂಘದ ತರಗತಿ ನಡೆಸುತ್ತಿದ್ದನಲ್ಲ, ಅಷ್ಟು ಹಕ್ಕು ಇತ್ತು.

"ನಮ್ಮೋರು ಯಾರೂ ಸಿಕ್ಲಿಲ್ವೇನಪ್ಪಾ?" ಎಂದಿದ್ದರು ಸಂಘದ ಅಧ್ಯಕ್ಷ ಜಯರಾಮು. "ಗುಜರಾತಿ ಅಂಕಲ್‌ನ ಕರ್ಕೊಂಬಂದು ಕನ್ನಡದ ಬಗ್ಗೆ ಮಾತಾಡುಸ್ತೀಯಾ? ಢೋಕ್ಲಾನೂ ಮಾಡುಸ್ಬಿಡಾಣ, ಒಂದು ಲೆಕ್ಕಕ್ಕಾಗುತ್ತೆ."

ಎಲ್ಲರೂ ನಕ್ಕಿದ್ದರು. "ನಾನು ಜವಾಬ್ದಾರಿ ತಗೋತೀನಿ," ಎಂದಿದ್ದ ನವನೀತ್.

ಸಂಘದ ಕಾರ್ಯಕ್ರಮ ಎಂದಿನಂತೆ ತಡವಾಯಿತು. ಸಿನಿಮಾ ಹಾಡಿನ ಕುಣಿತಗಳೆಲ್ಲ ಮುಗಿದು ಮುಖ್ಯ ಅತಿಥಿಯ ಸರದಿ ಬರುವಾಗ ಊಟದ ಟ್ರೇಗಳು ಹೊರಗೆ ಬಂದು ಕೂತಿದ್ದವು. ಪುಳಿಯೋಗರೆಯ ವಾಸನೆ ಹಾಲ್‌ನೊಳಕ್ಕೆ ನುಗ್ಗುತ್ತಿತ್ತು. ನವನೀತ್ ನಿರೂಪಣೆ ಮಾಡುತ್ತಿದ್ದ. ಓಝಾ ಮೈಕಿನ ಮುಂದೆ ನಿಂತು, ನೆಲದ ಮೇಲೆ ಕೂತಿದ್ದ ಮಕ್ಕಳನ್ನು ನೋಡಿ, ತಮ್ಮ ರಾಗದ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ನಿಮಗೆ ನಿಜವಾಗಿ ಸಿಟ್ಟು ಬಂದಾಗ ಬಾಯಿಗೆ ಯಾವ ಭಾಷೆ ಬರುತ್ತೆ?"

ಆಮೇಲೆ ಸುಮ್ಮನಾದರು.

ಮೊದಲು ಹಾಲ್ ಕೂಡ ಸುಮ್ಮನಿತ್ತು. ಆಮೇಲೆ ಯಾರೋ ಕೆಮ್ಮಿದರು, ಯಾರೋ ಫೋನ್ ತೆಗೆದರು. ಮೂರನೇ ಸಾಲಿನಿಂದ ಒಬ್ಬರು ಪಿಸುಗುಟ್ಟಿದ್ದು ವೇದಿಕೆಗೂ ಕೇಳಿತು: "ಅಯ್ಯೋ ಪಾಪ, ಮರ್ತೇಬಿಟ್ರು ಕಣ್ರೀ." ಪಕ್ಕದಿಂದ ಜಯರಾಮು ಕೈಸನ್ನೆ ಮಾಡುತ್ತಿದ್ದರು. "ಲೋ, ಪೇಟ ಹಾಕಿ ಮುಗ್ಸೋ. ಮಾನ ಹೋಗ್ತಿದೆ!"

ಓಝಾ ಅವರ ಕಣ್ಣು ಮುಂದೆ ಕೂತಿದ್ದ ಸಿರಿ ಎಂಬ ಹುಡುಗಿಯ ಮೇಲಿತ್ತು. ಸಿರಿಯ ತುಟಿ ಅಲ್ಲಾಡುತ್ತಿತ್ತು. ಅದನ್ನು ನವನೀತ್ ಕಂಡ. ಕಂಡದ್ದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಅವನ ಕಿವಿ ಬಿಸಿಯಾಗಿತ್ತು. ಅರಳುಮರುಳಿನ ಮುದುಕರನ್ನು ಕರೆತಂದವನು ಎಂದು ನಾಳೆಯಿಂದ ತನ್ನನ್ನು ಆಡಿಕೊಳ್ಳುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು. ಎರಡು ಹೆಜ್ಜೆ ಮುಂದೆ ಬಂದು ಮೈಕು ತೆಗೆದುಕೊಂಡ.

"ಎಷ್ಟು ಅರ್ಥಪೂರ್ಣವಾದ ಮಾತು! ಈಗ ನಮ್ಮ ಅತಿಥಿಗಳಿಗೆ ಸನ್ಮಾನ."

ನಮ್ಮವರ ಸನ್ಮಾನ ಒಮ್ಮೆ ಶುರುವಾದರೆ ಅದರೊಳಗೆ ಸಿಕ್ಕವರು ಬಾಯಿ ತೆರೆಯುವ ಹಾಗಿಲ್ಲ. ಶಾಲು ಬಂತು, ಹಾರ ಬಂತು. ಮೈಸೂರು ಪೇಟ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಪೇಟದ ಕೆಳಗಿನಿಂದ ಓಝಾ ಇನ್ನೂ ಸಿರಿಯನ್ನೇ ನೋಡುತ್ತಿದ್ದರು. ಅವರ ಅಂಗೈ ಮೆಲ್ಲಗೆ ಮೇಲೆದ್ದಿತು. ನವನೀತ್ ಆ ಕೈಗೆ ಹಣ್ಣಿನ ಬುಟ್ಟಿ ಇಟ್ಟ. ಭಾರಕ್ಕೆ ಕೈ ಕೆಳಗಿಳಿಯಿತು. ಜನ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು.

ಊಟದ ಸಾಲಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು. "ಹಿರಿಯರ ಮರ್ಯಾದೆ ಉಳಿಸ್ದೆ ಕಣೋ," ಎಂದು ಜಯರಾಮು ಹಪ್ಪಳ ಮುರಿದರು. ಅವರ ಹೆಂಡತಿ ಶೈಲಮ್ಮ ನಿರುಪಮಾಬೆನ್ ಅವರನ್ನು ತಬ್ಬಿಕೊಂಡು, ತಮ್ಮ ಮಾವನವರಿಗೂ ಹೀಗೇ ಶುರುವಾಗಿತ್ತು ಎಂದು ಸಮಾಧಾನ ಹೇಳಿದರು. ತಂದೆ ಮಗಳು ಊಟಕ್ಕೆ ನಿಲ್ಲದೆ ಹೊರಟುಹೋದರು.

ಆಮೇಲೆ ಸಿರಿ ತಟ್ಟೆ ಹಿಡಿದುಕೊಂಡು ಬಂದಳು. "ನವನೀತ್ ಅಂಕಲ್, ವೇರ್ ಈಸ್ ದಟ್ ತಾತಾ? ಐ ಹ್ಯಾವ್ ದಿ ಆನ್ಸರ್."

"ಏನದು?"

"ಅಜ್ಜಿ ಮೇಲೆ ಸಿಟ್ಟು ಬಂದ್ರೆ ಕನ್ನಡ. ಅದರ್‌ವೈಸ್ ಶಿ ವೋಂಟ್ ಗೆಟ್ ಇಟ್. ಅಮ್ಮನ ಹತ್ರ ಇಂಗ್ಲಿಷ್." ಸ್ವಲ್ಪ ಯೋಚಿಸಿ ಸೇರಿಸಿದಳು, "ಕನ್ನಡದಲ್ಲಿ ಇಟ್ಸ್ ಮೋರ್ ಫನ್."

"ನಾನು ಅವರಿಗೆ ಹೇಳ್ತೀನಿ ಪುಟ್ಟಾ," ಎಂದಿದ್ದ ನವನೀತ್.

ಈಗ ಕೆಂಡಲ್ ಪಾರ್ಕಿನ ಮನೆಯ ಬಾಗಿಲು ತೆರೆದ ನಿರುಪಮಾಬೆನ್ ಅವನ ಕೈ ಹಿಡಿದುಕೊಂಡರು. "ನೀವು ಅವತ್ತು ಅಪ್ಪನ ಕೈ ಬಿಡಲಿಲ್ಲ. ಥ್ಯಾಂಕ್ಸ್ ಹೇಳೋಕೂ ಆಗಿರಲಿಲ್ಲ." ಅವರ ಕಣ್ಣು ಊದಿಕೊಂಡಿತ್ತು. ಚಹಾ ತರುತ್ತೇನೆಂದು ಒಳಗೆ ಹೋದರು.

ಓಝಾ ಕಿಟಕಿಯ ಬಳಿ ಸ್ವೆಟರ್ ತೊಟ್ಟು ಕೂತಿದ್ದರು. ಪೇಟ ಪುಸ್ತಕದ ಕಪಾಟಿನ ಮೇಲಿತ್ತು.

"ಬಾ ದೀಕರಾ," ಎಂದರು. ಮಗನೇ ಎಂದು ಅವರ ಮಾತಿನಲ್ಲಿ. "ಇವತ್ತು ಮೈಸೂರು ಮಹಾರಾಜ ರಜೆಯಲ್ಲಿದ್ದಾರೆ. ಕೂತ್ಕೋ."

ಕೂತ.

"ನಾನು ಮರೆತೆ ಅಂತ ನಿರುಪಮಾ ಹೇಳ್ತಾಳೆ. ನನ್ನ ಲೆಕ್ಕದಲ್ಲಿ ನಾನು ಆ ಹುಡುಗಿಗೋಸ್ಕರ ಕಾಯ್ತಾ ಇದ್ದೆ. ಆದರೆ ಮರೆತವನಿಗೆ ತಾನು ಮರೆತದ್ದು ಹೇಗೆ ಗೊತ್ತಾಗಬೇಕು? ಕಾಯ್ತಿದ್ದೆ ಅಂತ ಆಮೇಲೆ ನಾನೇ ಹೊಂದಿಸಿಕೊಂಡಿರಬಹುದು. ನೀನು ಪಕ್ಕದಲ್ಲೇ ಇದ್ದೆಯಲ್ಲ. ನಾನು ಮರೆತೆನಾ?"

ಕೇಳಿ ಸುಮ್ಮನಾದರು. ಮಂಡಿಯ ಮೇಲಿದ್ದ ಅಂಗೈ ಮೆಲ್ಲಗೆ ಮೇಲಕ್ಕೆದ್ದಿತು.

ಆ ಮೌನವನ್ನು ನವನೀತ್ ಎಷ್ಟೋ ಶನಿವಾರ ಪ್ರೀತಿಸಿದ್ದ. ಇಂದು ಅದರೊಳಗೆ ಕೂರಲು ಆಗಲಿಲ್ಲ. ಇಲ್ಲ ಸರ್, ನೀವು ಮರೆತಿರಲಿಲ್ಲ ಎಂದರೆ ಮುಗಿಯಿತು, ಬೇಸ್‌ಮೆಂಟಿನ ಮಕ್ಕಳು ಮುಂದಿನ ಶನಿವಾರವೂ ಬರುತ್ತಾರೆ. ಆದರೆ ಅದರ ಬೆನ್ನಿಗೇ ಅವರು ಇನ್ನೊಂದು ಪ್ರಶ್ನೆ ಕೇಳಿಯಾರು: ಗೊತ್ತಿದ್ದೂ ಪೇಟ ಯಾಕೆ ಹಾಕಿದೆ? ಕೇಳಿ, ಅದಕ್ಕೂ ಹೀಗೇ ಕಾಯುತ್ತಾರೆ. ನಿರುಪಮಾಬೆನ್ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸರ್," ಎಂದ ನವನೀತ್.

ಓಝಾ ಅವನ ಮುಖವನ್ನು ಇನ್ನಷ್ಟು ಹೊತ್ತು ನೋಡಿದರು. ಕೈ ಕೆಳಗಿಳಿಸಿದರು.

"ಸರಿ ಹಾಗಾದರೆ. ಮರೆತೆ." ಮಗಳ ಕಡೆ ತಿರುಗಿ ಗುಜರಾತಿಯಲ್ಲಿ ಏನೋ ಮೆಲ್ಲಗೆ ಹೇಳಿದರು. ನಿರುಪಮಾಬೆನ್ ಲೋಟವಿಟ್ಟು ಅಪ್ಪನ ತಲೆ ಸವರಿದರು. ಆಮೇಲೆ ಓಝಾ ಕೇಳಿದರು, "ಆ ಹುಡುಗಿ ಆಮೇಲೆ ಏನಾದರೂ ಹೇಳಿದಳಾ?"

"ಇಲ್ಲ ಸರ್."

"ಇನ್ನು ಸ್ವಲ್ಪ ಕಾದಿದ್ದರೆ ಹೇಳ್ತಿದ್ದಳು ಅನ್ನಿಸಿತ್ತು. ಅದೂ ನನ್ನ ಭ್ರಮೆಯೇ ಇರಬೇಕು."

ಚಹಾ ಆರಿತು. ನಿರುಪಮಾಬೆನ್ ಶನಿವಾರದ ಕ್ಲಾಸು ಇನ್ನಿಲ್ಲವೆಂದು ಮಕ್ಕಳ ಮನೆಗಳಿಗೆ ಮೆಸೇಜ್ ಬರೆಯಲು ಫೋನ್ ಕೈಗೆತ್ತಿಕೊಂಡರು. ನವನೀತ್ ಎದ್ದು ಶೂ ಹಾಕಿಕೊಂಡ. ದಾರಿಗೆಂದು ಕಟ್ಟಿಕೊಟ್ಟ ಥೇಪ್ಲಾ ರೊಟ್ಟಿಯ ಪೊಟ್ಟಣವನ್ನು ಬೇಡ ಎನ್ನಲಾಗದೆ ತೆಗೆದುಕೊಂಡ.

ಓಝಾ ಅಂದು ಏನನ್ನೂ ಮರೆತಿರಲಿಲ್ಲ. ಅವರು ಕಾಯುತ್ತಿದ್ದರು, ಅದು ಅವನಿಗೆ ಗೊತ್ತಿತ್ತು. ಈ ಮಾತನ್ನು ನವನೀತ್ ಅವರಿಗೂ ಹೇಳಲಿಲ್ಲ, ಅವರ ಮಗಳಿಗೂ ಹೇಳಲಿಲ್ಲ.