ಭಾನುವಾರದ ಕಾಪಿ

ಏಳು ಸಮುದ್ರದ ಆಚೆ ಏನಲ್ಲ, ಎರಡನೇ ಮಹಡಿಯ ಒಂದು ಮನೆಯಲ್ಲಿ ಅಮ್ಮನ ಜೊತೆ ಒಬ್ಬಳು ಅಕ್ಕ, ಒಬ್ಬ ತಮ್ಮ ಇದ್ದರು. ಅಕ್ಕ ಕಟ್ಟಡಗಳ ನಕ್ಷೆ ಬಿಡಿಸುವವಳು. ಅವಳ ಲ್ಯಾಪ್‌ಟಾಪಿಗೆ ಯಾವ ರಾಕ್ಷಸನ ಶಾಪವೋ, ಗುಂಡಿ ಒತ್ತಿ ಸ್ನಾನ ಮಾಡಿ ಬಂದರೂ ಪರದೆಯ ಮೇಲೆ ಬಿಳಿ ಚುಕ್ಕೆಗಳು ಗಿರಗಿರ ಸುತ್ತುತ್ತಲೇ ಇರುತ್ತಿದ್ದವು. "ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅಂತ ಹೊಸ ಥರದ ಡಿಸ್ಕ್ ಹಾಕಿದ್ರೆ ಕುದುರೆ ಥರ ಓಡುತ್ತೆ, ನಾನೇ ಹಾಕ್ಕೊಡ್ತೀನಿ," ಎಂದು ತಮ್ಮ ಮಾತು ಕೊಟ್ಟಿದ್ದ. ಮಾತು ಕೊಡುವುದರಲ್ಲಿ ಅವನು ಮಹಾರಾಜ. ಹೊಸ ಡಿಸ್ಕು ಇನ್ನೂ ಪೊಟ್ಟಣದಲ್ಲೇ ತಪಸ್ಸಿಗೆ ಕೂತಿದೆ ಎಂದೇ ಅವಳು ನಂಬಿದ್ದಳು.

ಆ ಗುರುವಾರ ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದರೆ, ತಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿಕೊಂಡು ಕೂತಿದ್ದ.

"ಇವತ್ತೇ ಆಗ್ಬೇಕಿತ್ತೇನೋ ನಿಂಗೆ? ಮಧ್ಯಾಹ್ನದೊಳಗೆ ಶಾಲೆ ನಕ್ಷೆ ಹೋಗ್ಬೇಕು. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ ಅಂತ ಎಂಜಿನಿಯರ್ ನಿನ್ನೇನೇ ಹೇಳಿದಾರೆ!"

"ಅದಕ್ಕೇ ಕಣೇ. ಭಾನುವಾರ ನೀನು ಹೊರಗೆ ಹೋಗಿದ್ದಾಗ್ಲೇ ಹೊಸದಕ್ಕೆ ಎಲ್ಲಾ ಕಾಪಿ ಮಾಡಿಟ್ಟಿದ್ದೆ. ಈಗ ಹಳೇದನ್ನ ತೆಗೆದು ಇದನ್ನ ಹಾಕಿದೀನಿ, ಅಷ್ಟೇ. ನೋಡು ಬೇಕಾದ್ರೆ."

ತಳದ ಮುಚ್ಚಳವನ್ನು ಸ್ಕ್ರೂ ಹಾಕದೆ ಹಾಗೇ ಒತ್ತಿಟ್ಟು, ಮಗುಚಿ, ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಪರದೆ ಬೆಳಗಿತು. ಅಕ್ಕನ ಸಿಟ್ಟು ಅರ್ಧ ಇಳಿಯಿತು. ನಕ್ಷೆ ತೆರೆದಳು. ಇಳಿದ ಸಿಟ್ಟು ದುಪ್ಪಟ್ಟಾಗಿ ಏರಿತು.

"ಮೆಟ್ಟಿಲೆಲ್ಲೋ?"

"ಯಾವ ಮೆಟ್ಟಿಲು?"

"ಸೋಮವಾರದಿಂದ ಬೆನ್ನು ಮುರ್ಕೊಂಡು ಬಿಡಿಸಿದ್ನಲ್ಲ, ಅದು! ಮಕ್ಕಳು ಮೇಲಿನ ಕ್ಲಾಸಿಗೆ ಹಾರ್ಕೊಂಡು ಹೋಗ್ತಾರೇನೋ?"

ತಮ್ಮ ಕಿವಿ ಕೆರೆದುಕೊಂಡ. "ಕಾಪಿ ಭಾನುವಾರದ್ದಲ್ವಾ... ಹಳೇದ್ರಲ್ಲಿರುತ್ತೆ ಬಿಡೇ. ಕೇಬಲ್ ಹಾಕಿ ಎಳ್ಕೊಂಡ್ರಾಯ್ತು."

ಆದರೆ ಹಳೆಯ ಡಿಸ್ಕು ಮೇಜಿನ ಮೇಲಿರಲಿಲ್ಲ.

"ಅಮ್ಮಾ, ಇಲ್ಲೊಂದು ಕಪ್ಪು ಡಬ್ಬಿ ಥರದ್ದು ಇತ್ತಲ್ಲ?" ಎಂದು ತಮ್ಮ ಕೂಗಿದ.

"ಅದಾ? ಕೈಲಿ ಹಿಡಿದ್ರೆ ಕಾವು ಹೊಡೀತಿತ್ತು. ಫ್ರಿಜ್ಜಲ್ಲಿಟ್ಟೆ," ಅಂದರು ಅಮ್ಮ, ಅಡುಗೆಮನೆಯಿಂದಲೇ.

"ಫ್ರಿಜ್ಜಲ್ಲಾ!"

"ಅದ್ಯಾಕೆ ಹಾಗೆ ಕಿರುಚ್ತೀಯ? ಮೊನ್ನೆ ಫೋನ್ ಕಾದಾಗ ನಿನ್ನ ತಮ್ಮನೇ ಇಟ್ಟಿದ್ನಲ್ಲ. ಅವನನ್ನ ನೋಡೇ ಕಲಿತಿದ್ದು ನಾನು."

ಅಕ್ಕ ತಮ್ಮನ ಕಡೆ ತಿರುಗಿದಳು. ತಮ್ಮ ಸೂರಿನ ಕಡೆ ತಿರುಗಿದ.

ಹಾಲಿನ ಪಾತ್ರೆಗೂ ಟೊಮ್ಯಾಟೊಗೂ ನಡುವೆ ಒರಗಿದ್ದ ಡಿಸ್ಕನ್ನು ಹೊರಗೆ ತಂದಿಡುತ್ತಲೇ ಅದರ ಮೈಯೆಲ್ಲ ಬೆವರಿತು. ಕೇಬಲ್ ಹಿಡಿದು ಬಂದ ಅಕ್ಕನ ಕೈಯನ್ನು ತಮ್ಮ ತಡೆದ. "ಈಗ್ಲೇ ಬೇಡ. ಒಳಗೆ ಹನಿ ಕೂತಿದ್ರೆ ಎಲ್ಲಾ ಹೋಗಿಬಿಡುತ್ತೆ. ಪೂರ್ತಿ ಒಣಗ್ಲಿ."

ಒಣಗುವುದನ್ನು ಕಾಯುತ್ತ ಅಕ್ಕ ಮೆಟ್ಟಿಲುಗಳನ್ನು ಹೊಸದಾಗಿ ಬಿಡಿಸಲು ಕೂತಳು. ಲ್ಯಾಪ್‌ಟಾಪು ಕುದುರೆಯಾಗಿತ್ತು ನಿಜ, ಸವಾರಿ ಮಾತ್ರ ಮುಂದೆ ಸಾಗಲಿಲ್ಲ. ಒಂದು ಗೆರೆ ಎಳೆದು ಎರಡು ಅಳಿಸಿದಳು. ತಮ್ಮ ಡಿಸ್ಕಿಗೆ ಉಫ್ ಎಂದು ಊದಿದ.

"ಎಂಜಲು ಹಾರಿಸ್ಬೇಡ್ವೋ!"

ಅಮ್ಮ ಟೇಬಲ್ ಫ್ಯಾನ್ ತಂದು ಎದುರಿಗಿಟ್ಟರು. ಎಂಜಿನಿಯರ್ ಫೋನು ಬಂತು. "ಆಯ್ತು ಸರ್, ಕಳಿಸ್ತಾ ಇದೀನಿ," ಎಂದಳು ಅಕ್ಕ, ಮೆಟ್ಟಿಲಿರಬೇಕಾದ ಖಾಲಿ ಚೌಕವನ್ನೇ ನೋಡುತ್ತ.

ಕೊನೆಗೆ ತಮ್ಮ ಡಿಸ್ಕಿನ ಬೆನ್ನು ಸವರಿ ನೋಡಿ, ಕೇಬಲ್ ಸಿಕ್ಕಿಸಿದ. ಡಿಸ್ಕು ಕೊರ್ ಎಂದಿತು, ನಿಂತಿತು, ಮತ್ತೆ ಕೊರ್ ಎಂದಿತು. ಮೂವರೂ ಪರದೆಯ ಕಡೆ ಬಾಗಿದರು. ಬುಧವಾರದ ನಕ್ಷೆ ತೆರೆದುಕೊಂಡಿತು. ಎರಡೂ ಕಡೆಯ ಮೆಟ್ಟಿಲು, ತಿರುವು, ಒಂದೂ ಬಿಟ್ಟುಹೋಗಿರಲಿಲ್ಲ.

ಅಕ್ಕ ಅದನ್ನು ಹೊಸ ಡಿಸ್ಕಿಗೆ ಇಳಿಸಿಕೊಂಡು, ಉಳಿದಿದ್ದ ಮೆಟ್ಟಿಲ ಪಕ್ಕದ ಕಂಬಿಗಳನ್ನು ಎಳೆದು, ಕಳಿಸಿದಳು. "ಸಿಕ್ತು," ಎಂದು ಎಂಜಿನಿಯರ್ ಕಡೆಯಿಂದ ಒಂದೇ ಪದ ಬಂತು. ಆಮೇಲೆ ಲ್ಯಾಪ್‌ಟಾಪ್ ಆರಿಸಿ, ಬೋರಲು ಹಾಕಿ, ತಮ್ಮನ ಮುಂದೆ ತಳ್ಳಿ ಸ್ಕ್ರೂಡ್ರೈವರ್ ಚಾಚಿದಳು.

ಅವನು ಸ್ಕ್ರೂಗಳನ್ನು ಒಂದೊಂದಾಗಿ ಕೂರಿಸಿದ. ಕೊನೆಯದು ತಿರುಗಿ ತಿರುಗಿ ಬಿಗಿಯಾಗುವವರೆಗೂ ಅಕ್ಕ ಮುಚ್ಚಳದ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದಳು.