ಕರಿಯಕ್ಕನ ಪಾಳಿ

ರಾಜ್ಯದ ಉನ್ನತ ಶಿಕ್ಷಣದ ಭವಿಷ್ಯವನ್ನೇ ನಿರ್ಧರಿಸುವಂಥ ಗಹನವಾದ ಪ್ರಶ್ನೆಯೊಂದು ಆ ದಿನ ಬೆಳಿಗ್ಗೆ ಜಗಳೂರು ಸೀಮೆಯ ನಮ್ಮ ವಿಶ್ವವಿದ್ಯಾಲಯದ ಆಡಳಿತ ಭವನದ ಮುಂದೆ ಎದ್ದಿತು: ಕರಿಯಕ್ಕ ಉಚ್ಚೆ ಹೊಯ್ಯಲು ಎಲ್ಲಿಗೆ ಹೋಗಬೇಕು?

ಹಿಂದಿನ ದಿನದವರೆಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಗುತ್ತಿಗೆಯ ಮೇಲೆ ಕಸ ಹೊಡೆದು ಶೌಚಾಲಯ ತೊಳೆಯುವ ನಾವಷ್ಟೂ ಹೆಂಗಸರು ಭವನದ ಹಿಂದಿನ ಜಾಲಿ ಪೊದೆಗೆ ಹೋಗುತ್ತಿದ್ದೆವು. ತೊಳೆಯುವುದು ಒಳಗೆ, ಹೋಗುವುದು ಹೊರಗೆ. ವಿಶ್ವವಿದ್ಯಾಲಯ ಸ್ಥಾಪನೆಯಾದ ದಿನದಿಂದ ಬಂದ ಪದ್ಧತಿ ಅದು. ಈಗ ಶ್ರೇಣಿ ಕೊಡುವ ಸಮಿತಿ ಬರುತ್ತದೆಂದು ಜೆಸಿಬಿ ತರಿಸಿ ಪೊದೆಯನ್ನು ಕೀಳಿಸಿ, ಅಲ್ಲಿ ‘ಜೀವವೈವಿಧ್ಯ ವನ’ ಎಂಬ ಬೋರ್ಡು ನೆಟ್ಟಿದ್ದರು. ಬೋರ್ಡಿನ ಮರೆಯಲ್ಲಿ ಕೂರಲು ಬರುವುದಿಲ್ಲ. ಕರಿಯಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ.

ಅವಳು ಸೂಪರಿಂಟೆಂಡೆಂಟ್ ಗುರುಬಸವರಾಜನನ್ನೇ ಕೇಳಿದಳು.

“ಸಾಹೇಬ್ರೆ, ಇವತ್ತೊಂದಿನ ಒಳಗೇ ಹೋಗಿ ಬರ್ಲಾ?”

“ತೊಳ್ಯಾಕೆ ಒಳಗ್ ಬಿಟ್ಟಿದ್ದೇ ಹೆಚ್ಚಾತು. ಪ್ರೊಫೆಸರ್‌ಗಳು ಕೂರೋ ಕಮೋಡಿನ ಮ್ಯಾಲೆ ನಿಮ್ಮ ಕೇರಿ ಕುಂಡಿ ಇಟ್ರೆ ಆಮೇಲೆ ಅವ್ರು ಎಲ್ಲಿ ಕೂರಾದು?”

“ಅವ್ರು ಬಿಟ್ಟಿದ್ದು ಬಳ್ಯಾಕೆ ನನ್ ಕೈ ಆಗ್ತೈತೆ, ಕೂರಾಕೆ ನನ್ ಕುಂಡಿ ಆಗಲ್ವಾ?”

“ಬಾಯಿ ಮುಚ್ಚೇ ಬೋಸುಡಿ. ತೊಳ್ದು ಬೀಗ ಹಾಕು. ಸಮಿತಿಯೋರು ಬರಾವರ್ಗೂ ಒಬ್ಬ ನನ್ಮಗನೂ ಒಳಗ್ ಹೋಗಬಾರ್ದು. ಬೀಗದಕೈ ನಿನ್ ಸೊಂಟದಾಗೇ ಇರ್ಲಿ.”

ಹೀಗೆ ಭವನದ ಅಷ್ಟೂ ಶೌಚಾಲಯಗಳು ಕರಿಯಕ್ಕನ ಸೊಂಟ ಸೇರಿದವು. ಕುಲಪತಿಗಳಿಗೂ ಅಂಥ ಅಧಿಕಾರ ಇರಲಿಲ್ಲ.

ಸಮಿತಿಯವರು ದಾರಿಯ ಕಾಲೇಜುಗಳನ್ನೆಲ್ಲ ನೋಡಿಕೊಂಡು ಬಂದರು. ನ್ಯಾಮತಿಯಲ್ಲಿ ಕಾಫಿ, ಹೊನ್ನಾಳಿಯಲ್ಲಿ ಮಜ್ಜಿಗೆ, ಚನ್ನಗಿರಿಯಲ್ಲಿ ಎಳನೀರು. ಎಲ್ಲ ಕಡೆಯೂ ಪ್ರಾಂಶುಪಾಲರು ಕೈಮುಗಿದು ಇನ್ನೊಂದು ಲೋಟ ಕುಡಿಸಿಯೇ ಕಳಿಸಿದ್ದರು. ಕಾರಿನಿಂದ ಇಳಿದವರನ್ನು ನೇರ ಸಭಾಂಗಣದಲ್ಲಿ ಕೂರಿಸಿ ಕುಲಸಚಿವ ಜಯದೇವಪ್ಪನವರು ವಿಶ್ವವಿದ್ಯಾಲಯದ ಇತಿಹಾಸ ಓದತೊಡಗಿದರು. ವಿಶ್ವವಿದ್ಯಾಲಯ ಹುಟ್ಟಿ ಹನ್ನೆರಡು ವರ್ಷ. ಇತಿಹಾಸ ಆದಿಮಾನವನಿಂದ ಶುರುವಾಯಿತು. ಬರಡು ನೆಲ ಜ್ಞಾನದ ನಂದನವಾಯಿತು ಎಂಬಲ್ಲಿ ಚಪ್ಪಾಳೆ ಬಿತ್ತು. ಬರಡು ಎಂದರೆ ನಮ್ಮ ಕುರಿಗಳು ಮೇಯುತ್ತಿದ್ದ ಗೋಮಾಳ. ಅದು ಬರಡೆಂದು ಕುರಿಗಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಸಂಶೋಧನೆ. ‘ಗ್ರಾಮೀಣ ಮಹಿಳೆಯರ ನೈರ್ಮಲ್ಯ ಮತ್ತು ಘನತೆ’ ಎಂಬ ವಿಷಯದ ಮೇಲೊಂದಕ್ಕೇ ಐದು ಡಾಕ್ಟರೇಟು. ಐದರಲ್ಲೂ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನಾವೇ, ಪೊದೆಯಿಂದ ಎದ್ದು ಬಂದು.

ಸಮಿತಿಯ ಅಧ್ಯಕ್ಷರು ಎಪ್ಪತ್ತು ದಾಟಿದ ಪ್ರೊಫೆಸರು. ಓದು ಭವಿಷ್ಯದ ಯೋಜನೆಗಳಿಗೆ ಬರುವ ಹೊತ್ತಿಗೆ ತಾಳಲಾರದೆ ಎದ್ದು ಹೊರಗೆ ಬಂದರು. ಹಿಂದೆಯೇ ಗುರುಬಸವರಾಜ ಓಡಿ ಬಂದ. ಕರಿಯಕ್ಕ ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿಕೊಂಡು ಕುಳಿತಿದ್ದಳು. ನಾವೆಲ್ಲ ಪೊರಕೆ ಹಿಡಿದು ಪಕ್ಕದ ಗೋಡೆಗೆ ಒರಗಿ ನಿಂತಿದ್ದೆವು.

“ತೆಗಿಯೇ ಬೀಗ.”

“ತೆಗೀತೀನಿ. ಮೊದ್ಲು ನಾನು.”

“ಲೇ ರಂಡೆ, ಯಾರ ಮುಂದೆ ಮಾತಾಡ್ತಿದೀಯ ಗೊತ್ತೈತೇನೇ?”

“ಗೊತ್ತೈತೆ. ಅವ್ರಿಗೂ ಅರ್ಜೆಂಟು, ನಂಗೂ ಅರ್ಜೆಂಟು. ಬೆಳಿಗ್ಗೆನೇ ಕೇಳಿದ್ದು ನಾನು, ಪಾಳಿ ನಂದು.”

ಗುರುಬಸವರಾಜ ಬೀಗದಕೈ ಕಿತ್ತುಕೊಳ್ಳಲು ಕೈ ಚಾಚಿದ. ಅವಳ ಸೊಂಟ ಮುಟ್ಟಬೇಕಾಗುತ್ತದೆಂದು ಹೊಳೆದದ್ದೇ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮತ್ತೆ ಚಾಚಿದ, ಮತ್ತೆ ಎಳೆದುಕೊಂಡ.

ಅಧ್ಯಕ್ಷರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿದರು. “ಹೋಗಿ ಬಾ ತಾಯಿ,” ಎಂದರು, “ಆದಷ್ಟು ಬೇಗ ಬಾ.”

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಸರವೇನೂ ಮಾಡಲಿಲ್ಲ. ನಡುವೆ ದನಿ ಮಾತ್ರ ಕೇಳಿಸಿತು: “ಸಾಹೇಬ್ರೆ, ಇದ್ರ ಮ್ಯಾಲೆ ಕುಂತ್ರೆ ಕಾಲಿಗೆ ನೆಲಾನೇ ಸಿಗಲ್ವಲ್ರೀ. ಹೆಂಗ್ ಕೂರ್ತಾರೋ ಏನೋ ಪಾಪ, ಪ್ರೊಫೆಸರ್‌ಗಳು.”

ನಾವು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ನಕ್ಕೂ ನಕ್ಕೂ ನಮಗೂ ಅವಸರವಾಯಿತು. ಅವಳು ಹೊರಗೆ ಬಂದಾಗ ಅಧ್ಯಕ್ಷರ ಹಿಂದೆ ನಾವಷ್ಟೂ ಜನ ಸಾಲಾಗಿ ನಿಂತಿದ್ದೆವು.

ವಿಶ್ವವಿದ್ಯಾಲಯಕ್ಕೆ ‘ಎ’ ಶ್ರೇಣಿ ಸಿಕ್ಕಿತು. ಕರಿಯಕ್ಕನನ್ನು ಕೆಲಸದಿಂದ ತೆಗೆದರು. ಅಂದಿನಿಂದ ನಮ್ಮಲ್ಲಿ ಯಾರೂ ಪೊರಕೆ ಮುಟ್ಟಿಲ್ಲ. ಭವನದ ಶೌಚಾಲಯಗಳನ್ನು ಯಾರೂ ತೊಳೆದಿಲ್ಲ.